ತಲೆ ಎಣಿಕೆ ಬಲ್ಲ ಮೇಷ್ಟರು

ಬೆಂಗಳೂರಿನಲ್ಲಿ ಐರ್ಲೆಂಡಿನ ರಾಜಕಾರಣದ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಹೆಸರು ಕೇಳಿಬರುತ್ತವೆ. ಒಂದು, 2012ರ ಅಕ್ಟೋಬರ್‌ನಲ್ಲಿ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅವರದು. ಇನ್ನೊಂದು, ಮುಂಬಯಿ ಮೂಲದ ವೈದ್ಯರ ಮಗನಾಗಿ ಹುಟ್ಟಿ 2017ರಲ್ಲಿ ಆ ದೇಶದ ಪ್ರಧಾನಿಯಾದ ಲಿಯೊ ವರಾಡ್ಕರ್ ಅವರದು. ಸವಿತಾ ತೀರಿಕೊಂಡಾಗ ಪ್ರಧಾನಿಯಾಗಿದ್ದವರೂ ವರಾಡ್ಕರ್ ಅವರಿಗೆ ಕುರ್ಚಿ ಬಿಟ್ಟುಕೊಟ್ಟವರೂ ಒಬ್ಬರೇ: ಎಂಡಾ ಕೆನ್ನಿ. ಅವರ ಹೆಸರು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಅವರ ದೇಶದಲ್ಲೂ ಅವರನ್ನು ಬಹುಕಾಲ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಶಾಸನಸಭೆಗಳ ಕಲಾಪವನ್ನು ನೋಡುವುದು, ವರದಿಗಳನ್ನು ಓದುವುದು ನನಗೆ ಹಳೆಯ ಚಟ. ವಿಧಾನಸೌಧದ ಕಲಾಪ ನೋಡಿ ಬೇಸರವಾದಾಗ ಡಬ್ಲಿನ್ನಿನದನ್ನು ನೋಡುತ್ತೇನೆ. ಹಾಗೆ ನೋಡುತ್ತ, ಓದುತ್ತ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವೆಂದರೆ, ಕೆನ್ನಿಯವರು ದೊಡ್ಡ ಚಿಂತಕರೂ ಅಲ್ಲ, ಸಹಜ ವಾಗ್ಮಿಯೂ ಅಲ್ಲ. ಆದರೆ ತಮ್ಮ ಹಿಂದೆ ಎಷ್ಟು ಜನರಿದ್ದಾರೆಂಬುದನ್ನು ಸಭಾಂಗಣದ ಬಾಗಿಲು ದಾಟುವ ಮೊದಲೇ ತಿಳಿದಿರುತ್ತಿದ್ದ, ಸಂಸದೀಯ ಕಸುಬನ್ನು ಬೇರಿನಿಂದ ಬಲ್ಲ ಮನುಷ್ಯ. ಅವರು ಗೆದ್ದದ್ದು ಈ ವಿದ್ಯೆಯಿಂದ. ಸೋತಾಗಲೆಲ್ಲ, ಸಭೆಯೊಳಗಿನ ಲೆಕ್ಕವನ್ನೇ ಸಭೆಯ ಹೊರಗಿನ ಜನರಿಗೂ ಹಾಕಿಬಿಟ್ಟಿದ್ದರು.

ಕೆನ್ನಿ ಹುಟ್ಟಿದ್ದು 1951ರಲ್ಲಿ, ದೇಶದ ಪಶ್ಚಿಮ ಅಂಚಿನ ಮೇಯೊ ಜಿಲ್ಲೆಯ ಕ್ಯಾಸಲ್‌ಬಾರ್ ಎಂಬ ಊರಿನಲ್ಲಿ. ಅವರ ತಂದೆ ಹೆನ್ರಿ ಕೆನ್ನಿ 1936ರಲ್ಲಿ ಅಖಿಲ ಐರ್ಲೆಂಡ್ ಗೇಲಿಕ್ ಫುಟ್ಬಾಲ್ ಪ್ರಶಸ್ತಿ ಗೆದ್ದ ಮೇಯೊ ತಂಡದ ಆಟಗಾರ, ಮುಂದೆ 1954ರಿಂದ ಫಿನ ಗೇಲ್ ಪಕ್ಷದ ಸಂಸದ. ಮಗ ಡಬ್ಲಿನ್ನಿನಲ್ಲಿ ಶಿಕ್ಷಕರ ತರಬೇತಿ ಪಡೆದು ಪ್ರಾಥಮಿಕ ಶಾಲೆಯ ಮೇಷ್ಟರಾದರು. 1975ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ 24ರ ಹರೆಯದ ಮಗನನ್ನು ನಿಲ್ಲಿಸಿದರು, ಗೆದ್ದರು. ಆಗಿನ ಸದನದಲ್ಲಿ ಅವರೇ ಅತ್ಯಂತ ಕಿರಿಯ ಸದಸ್ಯ. ಅನುಕಂಪದ ಅಲೆ, ಮನೆತನದ ಹೆಸರು, ಪಕ್ಷಕ್ಕೆ ಬೇರೆ ದಾರಿಯಿಲ್ಲದ್ದು, ಇವೆಲ್ಲ ನಮಗೆ ತೀರಾ ಪರಿಚಿತವಾದ ಸಂಗತಿಗಳು. ಅಲ್ಲಿಂದ 2020ರವರೆಗೆ, ಅಂದರೆ 44 ವರ್ಷಕ್ಕೂ ಮೇಲ್ಪಟ್ಟು, ಒಂದೇ ಒಂದು ಚುನಾವಣೆಯಲ್ಲೂ ಸೀಟು ಕಳೆದುಕೊಳ್ಳದೆ ಅವರು ಸದನದಲ್ಲಿದ್ದರು. ಇದನ್ನು ಬರಿಯ ಅನುಕಂಪದಿಂದ ವಿವರಿಸಲಾಗದು.

ವಿವರಿಸಬೇಕಾದರೆ ಅಲ್ಲಿನ ಚುನಾವಣೆಯ ಬಗೆಯನ್ನು ಸ್ವಲ್ಪ ಹೇಳಬೇಕು. ಅವರ ಕೆಳಮನೆಯ ಹೆಸರು ಡಾಯ್ಲ್. ಅದಕ್ಕೆ ಸದಸ್ಯರನ್ನು ಆರಿಸುವುದು ನಮ್ಮ ಪದವೀಧರ ಕ್ಷೇತ್ರದ ಮತದಾರರಿಗೆ ಚೆನ್ನಾಗಿ ಗೊತ್ತಿರುವ ಪ್ರಾಶಸ್ತ್ಯದ ಮತದ ಮೂಲಕ. ಆದರೆ ಒಂದು ವ್ಯತ್ಯಾಸವಿದೆ: ಅಲ್ಲಿ ಒಂದೊಂದು ಕ್ಷೇತ್ರದಿಂದ ಮೂವರು, ನಾಲ್ವರು ಅಥವಾ ಐವರು ಆಯ್ಕೆಯಾಗುತ್ತಾರೆ. ಹಾಗಾಗಿ ಅಭ್ಯರ್ಥಿಗೆ ಎದುರು ಪಕ್ಷದವನಿಗಿಂತ ತನ್ನದೇ ಪಕ್ಷದ ಜೊತೆಗಾರನ ಭಯ ಹೆಚ್ಚು. ಇಬ್ಬರೂ ಒಂದೇ ಬುಟ್ಟಿಯ ಮತಕ್ಕೆ ಕೈ ಹಾಕುವವರು. ಪಕ್ಷದ ಚಿಹ್ನೆಯೊಂದನ್ನೇ ನಂಬಿ ಕೂತವನು ಮುಳುಗಿದಂತೆಯೇ ಸರಿ; ಊರೂರಿನ ಸಾವಿಗೆ, ಮದುವೆಗೆ, ರಸ್ತೆ ಗುಂಡಿಗೆ, ಪಿಂಚಣಿ ಅರ್ಜಿಗೆ ಖುದ್ದಾಗಿ ಓಗೊಟ್ಟವನು ಮಾತ್ರ ಎರಡನೆಯ, ಮೂರನೆಯ ಪ್ರಾಶಸ್ತ್ಯವನ್ನಾದರೂ ಪಡೆದು ದಡ ಸೇರುತ್ತಾನೆ. ಕೆನ್ನಿ ಈ ಕೆಲಸದಲ್ಲಿ ಪಳಗಿದವರು. 2011ರಲ್ಲಿ ಮೇಯೊ ಕ್ಷೇತ್ರದ ಐದು ಸೀಟುಗಳಲ್ಲಿ ನಾಲ್ಕನ್ನು ಅವರ ಪಕ್ಷವೇ ಬಾಚಿಕೊಂಡಿತು. ಪ್ರಾಶಸ್ತ್ಯದ ಮತ ಪದ್ಧತಿಯಲ್ಲಿ ಒಂದೇ ಪಕ್ಷ ಐದಕ್ಕೆ ನಾಲ್ಕು ಗೆಲ್ಲುವುದು ಎಷ್ಟು ಕಷ್ಟವೆಂಬುದು, ನಮ್ಮ ರಾಜ್ಯಸಭಾ ಚುನಾವಣೆಯಲ್ಲಿ ಹೆಚ್ಚುವರಿ ಮತ ಹಂಚಲು ಶಾಸಕರನ್ನು ಕೂರಿಸಿಕೊಂಡು ಲೆಕ್ಕ ಹಾಕುವವರಿಗೆ ಗೊತ್ತು.

ಮೊದಲ ಹತ್ತು ವರ್ಷ ಅವರು ಹಿಂದಿನ ಬೆಂಚಿನಲ್ಲೇ ಇದ್ದರು. 1986ರಲ್ಲಿ ಯುವಜನ ಇಲಾಖೆಯ ರಾಜ್ಯ ಸಚಿವ ಸ್ಥಾನ ಸಿಕ್ಕಿತು, ಮರುವರ್ಷವೇ ಸರ್ಕಾರ ಹೋಯಿತು. 1994ರ ಡಿಸೆಂಬರ್‌ನಿಂದ 1997ರವರೆಗೆ ಜಾನ್ ಬ್ರೂಟನ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಪ್ರವಾಸೋದ್ಯಮ ಮತ್ತು ವಾಣಿಜ್ಯ ಸಚಿವರಾಗಿದ್ದರು. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರೆಂಬುದನ್ನು ಬಿಟ್ಟರೆ ಆ ಅವಧಿಯ ಬಗ್ಗೆ ಹೆಚ್ಚೇನೂ ಹೇಳಬೇಕಾದದ್ದಿಲ್ಲ.

2001ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಮೈಕಲ್ ನೂನನ್ ಎದುರು ಸೋತರು. ಮರುವರ್ಷದ ಚುನಾವಣೆಯಲ್ಲಿ ಪಕ್ಷ 54ರಿಂದ 31 ಸೀಟಿಗೆ ಕುಸಿದು, ರಾಜಧಾನಿ ಡಬ್ಲಿನ್ನಿನಲ್ಲಿ ಉಳಿದದ್ದು ಮೂರೇ ಸೀಟು. ಮೇಯೊದಲ್ಲೂ ಪಕ್ಷದ ಮೂವರಲ್ಲಿ ಒಬ್ಬರು ಸೋತರು; ಕೆನ್ನಿಯವರೇ ಸೋಲಬಹುದೆಂಬ ಅಂಜಿಕೆಯಿತ್ತು. ಹಿರಿಯ ತಲೆಗಳೆಲ್ಲ ಉರುಳಿದ ಆ ಪಕ್ಷದ ನಾಯಕತ್ವ 2002ರ ಜೂನ್‌ನಲ್ಲಿ ಅವರಿಗೆ ಬಂತು. ಬೇರೆ ಯಾರಿಗೂ ಬೇಡವಾದ ಕುರ್ಚಿಯೆಂದು ಕುಹಕವಾಡಿದವರಿದ್ದರು. ಮುಂದಿನ ಐದು ವರ್ಷ ಅವರು ಮಾಡಿದ್ದು ಜಿಲ್ಲೆ ಜಿಲ್ಲೆ ಸುತ್ತಿ ಪಕ್ಷದ ಘಟಕಗಳನ್ನು ಮತ್ತೆ ಕಟ್ಟುವ ಕೆಲಸ. ಹೊಸ ಅಭ್ಯರ್ಥಿಗಳನ್ನು ಹುಡುಕಿ, 2004ರ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ನಿಲ್ಲಿಸಿ ಪಳಗಿಸಿದರು. 2007ರಲ್ಲಿ 51 ಸೀಟು ಬಂದವು. ಆದರೂ ಎದುರಾಳಿ ಫೀಯನ ಫಾಯ್ಲ್ ಪಕ್ಷದ ಬರ್ಟಿ ಅಹರ್ನ್ ಮೂರನೆಯ ಬಾರಿಗೆ ಪ್ರಧಾನಿಯಾದರು.

ನನ್ನ ದೃಷ್ಟಿಯಲ್ಲಿ ಕೆನ್ನಿಯವರ ವೃತ್ತಿಜೀವನದ ನಡುಗಂಬವೆಂದರೆ 2010ರ ಜೂನ್ ತಿಂಗಳ ನಾಲ್ಕೈದು ದಿನಗಳು. ಬ್ಯಾಂಕುಗಳು ಕುಸಿದು, ಆಳುವ ಪಕ್ಷದ ಮೇಲೆ ದೇಶವೇ ಸಿಟ್ಟಾಗಿದ್ದ ಕಾಲ ಅದು. ಪ್ರಮುಖ ವಿರೋಧ ಪಕ್ಷದ ಜನಪ್ರಿಯತೆ ಆಕಾಶಕ್ಕೇರಬೇಕಿತ್ತು. ಆದರೆ ಆಗ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಫಿನ ಗೇಲ್ ಪಕ್ಷವು ಲೇಬರ್ ಪಕ್ಷಕ್ಕಿಂತ ಹಿಂದೆ ಬಿದ್ದಿತ್ತು. ಕೆನ್ನಿಯವರಿಂದ ಆಗದು, ಅವರಿಗೆ ಅಂಕಿ ಅಂಶ ಹೇಳಲು ಬಾರದು, ಟಿ.ವಿ.ಯಲ್ಲಿ ಮಂಕಾಗಿ ಕಾಣುತ್ತಾರೆ ಎಂಬ ಗೊಣಗಾಟ ಬಯಲಿಗೆ ಬಂತು. ಉಪನಾಯಕರೂ ಹಣಕಾಸು ವಕ್ತಾರರೂ ಆಗಿದ್ದ ರಿಚರ್ಡ್ ಬ್ರೂಟನ್ ತಮಗೆ ನಾಯಕರ ಮೇಲೆ ವಿಶ್ವಾಸವಿಲ್ಲವೆಂದು ತಿಳಿಸಿದರು. ಕೆನ್ನಿ ಅವರನ್ನು ಅಂದೇ ಹುದ್ದೆಯಿಂದ ತೆಗೆದರು. ಮರುದಿನ ಛಾಯಾ ಸಂಪುಟದ, ಅಂದರೆ ಒಂದೊಂದು ಖಾತೆಗೆ ವಿರೋಧ ಪಕ್ಷ ನೇಮಿಸಿಕೊಳ್ಳುವ ವಕ್ತಾರರ ತಂಡದ, ಅರ್ಧದಷ್ಟು ಜನ, ಓದಿಕೊಂಡವರು, ಮಾತುಗಾರರು, ಯುವಕರು, ಅವರಲ್ಲಿ ವರಾಡ್ಕರ್ ಮತ್ತು ಸೈಮನ್ ಕೋವ್ನಿ ಕೂಡ, ಸಾಲಾಗಿ ಅದೇ ಮಾತನ್ನು ಹೇಳಿದರು. ಆಗ ಕೆನ್ನಿ ಛಾಯಾ ಸಂಪುಟವನ್ನೇ ಬರಖಾಸ್ತುಗೊಳಿಸಿದರು.

ಪತ್ರಿಕೆಗಳೆಲ್ಲ ಅವರ ಕಥೆ ಮುಗಿಯಿತೆಂದು ಬರೆಯುತ್ತಿರುವಾಗ, ಕೆನ್ನಿ ಮತ್ತು ಅವರ ಬಂಟ ಫಿಲ್ ಹೋಗನ್ ಎಣಿಸುತ್ತಿದ್ದದ್ದು ಬೇರೆ ತಲೆಗಳನ್ನು. ಮತ ಹಾಕುವ ಹಕ್ಕಿದ್ದದ್ದು ಪಕ್ಷದ ಕೆಳಮನೆಯ ಸದಸ್ಯರು, ಮೇಲ್ಮನೆಯ ಸದಸ್ಯರು, ಯುರೋಪಿನ ಸಂಸತ್ತಿನಲ್ಲಿದ್ದವರು ಸೇರಿ 70 ಜನರಿಗೆ. ಟಿ.ವಿ. ಚರ್ಚೆಗಳಲ್ಲಿ ಮುಖ ಕಾಣದ ಹಳ್ಳಿಗಾಡಿನ ಹಿಂಬೆಂಚಿನವರು, ಮೇಲ್ಮನೆಯವರು, ಎಂಟು ವರ್ಷಗಳಲ್ಲಿ ಕೆನ್ನಿಯವರು ಯಾರ ಮನೆಯಂಗಳಕ್ಕೆ ಹೋಗಿ ಬಂದಿದ್ದರೋ ಅವರೆಲ್ಲ ಈ ಪಟ್ಟಿಯಲ್ಲಿದ್ದರು. ಗುಪ್ತ ಮತದಾನವಾಯಿತು, ಕೆನ್ನಿ ಗೆದ್ದರು. ಎಷ್ಟು ಮತಗಳಿಂದ ಎಂಬುದನ್ನು ಪಕ್ಷ ಬಹಿರಂಗಪಡಿಸಲಿಲ್ಲ. ಅದು ಸೋತವರ ಮರ್ಯಾದೆಯನ್ನೂ ಉಳಿಸಿತು. ಮುಂದೆ ನಡೆದದ್ದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದ ಭಾಗ. ಕೆಲವೇ ದಿನಗಳಲ್ಲಿ ಬ್ರೂಟನ್ ಮುಂದಿನ ಸಾಲಿಗೆ ಮರಳಿದರು, ಮರುವರ್ಷ ಸರ್ಕಾರ ಬಂದಾಗ ಉದ್ಯೋಗ ಮತ್ತು ಉದ್ಯಮ ಖಾತೆ ಅವರದಾಯಿತು. ವರಾಡ್ಕರ್ ಅವರಿಗೆ ಸಾರಿಗೆ, ಕೋವ್ನಿಯವರಿಗೆ ಕೃಷಿ. ಬಂಡಾಯವೆದ್ದವರನ್ನು ಹೊರದಬ್ಬಿ ಹಗೆ ಸಾಧಿಸುವ, ಅಥವಾ ಬಂಡಾಯವೆದ್ದವರೇ ಇನ್ನೊಂದು ಪಕ್ಷದ ಬಸ್ಸು ಹತ್ತುವ ರೂಢಿಯನ್ನು ನೋಡಿ ನೋಡಿ ಸಾಕಾದ ನಮಗೆ ಇದು ಹೊಸದು.

2011ರ ಫೆಬ್ರುವರಿ ಚುನಾವಣೆಯಲ್ಲಿ ಫಿನ ಗೇಲ್ 166ರಲ್ಲಿ 76 ಸೀಟು ಗೆದ್ದಿತು. ದಶಕಗಳ ಕಾಲ ದೇಶವನ್ನಾಳಿದ ಫೀಯನ ಫಾಯ್ಲ್ 20ಕ್ಕೆ ಇಳಿಯಿತು. 37 ಸೀಟು ಪಡೆದ ಲೇಬರ್ ಜೊತೆ ಸೇರಿ ಕಟ್ಟಿದ ಸರ್ಕಾರದ ಬಹುಮತ ಆ ದೇಶದ ಇತಿಹಾಸದಲ್ಲೇ ದೊಡ್ಡದು. ಮಾರ್ಚ್ 9ರಂದು ಕೆನ್ನಿ 117–27 ಮತಗಳಿಂದ ಪ್ರಧಾನಿಯಾಗಿ ಆಯ್ಕೆಯಾದರು. ಇಲ್ಲಿ ಗಾತ್ರದ ಅಂದಾಜು ಇರಲಿ: ಅದೇ 2011ರ ಜನಗಣತಿಯಲ್ಲಿ ಐರ್ಲೆಂಡಿನ ಜನಸಂಖ್ಯೆ ಸುಮಾರು 46 ಲಕ್ಷ, ಬೆಂಗಳೂರು ನಗರ ಜಿಲ್ಲೆಯದು 96 ಲಕ್ಷ. ನಮ್ಮ ಅರ್ಧ ನಗರದಷ್ಟು ಜನರಿರುವ ಆ ದೇಶವು 2010ರ ನವೆಂಬರ್‌ನಲ್ಲಿ ಯುರೋಪು ಮತ್ತು ಐ.ಎಂ.ಎಫ್. ಜೊತೆ 85 ಶತಕೋಟಿ ಯೂರೊಗಳ ನೆರವಿನ ಒಪ್ಪಂದ ಮಾಡಿಕೊಂಡಿತ್ತು. ಆ ಒಪ್ಪಂದದ ಷರತ್ತುಗಳನ್ನು ಪಾಲಿಸಿ, 2013ರ ಡಿಸೆಂಬರ್‌ನಲ್ಲಿ ಅದರಿಂದ ಹೊರಬಂದದ್ದು ಕೆನ್ನಿ ಸರ್ಕಾರದ ಸಾಧನೆಯೆಂದು ಎಲ್ಲರೂ ಹೇಳುತ್ತಾರೆ. ಹಾದಿಯನ್ನು ಬಹುಮಟ್ಟಿಗೆ ಹಿಂದಿನ ಸರ್ಕಾರವೇ ಹಾಕಿತ್ತು, ಇವರು ಅದರಲ್ಲಿ ನಡೆದರು. ಶೇ 15ರ ಆಸುಪಾಸಿಗೆ ಏರಿದ್ದ ನಿರುದ್ಯೋಗ ಅವರು ಇಳಿಯುವ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಹಣಕಾಸಿನ ಈ ಕಥೆಯನ್ನು ನನಗಿಂತ ಬಲ್ಲವರು ಬರೆದಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸದನದಲ್ಲಿ ಅವರು ಆಡಿದ ಎರಡು ಭಾಷಣಗಳು. 2011ರ ಜುಲೈ 20ರಂದು, ಕ್ಲೋಯ್ನ್ ಧರ್ಮಪ್ರಾಂತ್ಯದಲ್ಲಿ ಮಕ್ಕಳ ಮೇಲೆ ಪಾದ್ರಿಗಳು ಎಸಗಿದ ದೌರ್ಜನ್ಯದ ದೂರುಗಳನ್ನು ಮುಚ್ಚಿಹಾಕಿದ ವರದಿಯ ಚರ್ಚೆಯಲ್ಲಿ, ವಾರ ತಪ್ಪದೆ ಚರ್ಚಿಗೆ ಹೋಗುವ ಈ ಮನುಷ್ಯ ವ್ಯಾಟಿಕನ್ನಿನ ಅಹಂಕಾರವನ್ನು, ಜನರಿಂದ ದೂರವಾದ ಅದರ ಮೇಲರಿಮೆಯನ್ನು ನೇರ ಮಾತುಗಳಲ್ಲಿ ಖಂಡಿಸಿದರು. ಐರ್ಲೆಂಡಿನ ಯಾವ ಪ್ರಧಾನಿಯೂ ಹಾಗೆ ಮಾತನಾಡಿದ್ದಿಲ್ಲ. ಕೆಲವೇ ದಿನಗಳಲ್ಲಿ ವ್ಯಾಟಿಕನ್ ತನ್ನ ರಾಯಭಾರಿಯನ್ನು ಸಮಾಲೋಚನೆಗೆಂದು ಕರೆಸಿಕೊಂಡಿತು.

ಎರಡನೆಯದು 2013ರ ಫೆಬ್ರುವರಿ 19ರದು. ಮ್ಯಾಗ್ಡಲೀನ್ ಲಾಂಡ್ರಿಗಳೆಂದರೆ ಸನ್ಯಾಸಿನಿಯರು ನಡೆಸುತ್ತಿದ್ದ ಬಟ್ಟೆ ಒಗೆಯುವ ಕಾರ್ಯಾಗಾರಗಳು. ದಾರಿ ತಪ್ಪಿದವರೆಂದು, ಅನಾಥರೆಂದು, ಅಥವಾ ಮನೆಯವರಿಗೆ ಬೇಡವಾದವರೆಂದು ಸಾವಿರಾರು ಹೆಣ್ಣುಮಕ್ಕಳನ್ನು ಅಲ್ಲಿ ಕೂಡಿಹಾಕಿ ಸಂಬಳವಿಲ್ಲದೆ ದುಡಿಸಲಾಗಿತ್ತು. ಅವರನ್ನು ಅಲ್ಲಿಗೆ ಸೇರಿಸುವುದರಲ್ಲಿ ಸರ್ಕಾರದ ಕೈಯೂ ಇತ್ತೆಂದು ವಿಚಾರಣಾ ವರದಿ ಹೇಳಿದ ದಿನ ಕೆನ್ನಿ ಪೂರ್ಣ ಕ್ಷಮೆ ಕೇಳಲಿಲ್ಲ, ಅದಕ್ಕಾಗಿ ಕಟುವಾದ ಟೀಕೆಗೆ ಗುರಿಯಾದರು. ನಂತರ ಆ ಮಹಿಳೆಯರನ್ನು ತಾವೇ ಭೇಟಿಯಾಗಿ ಕೂತು ಅವರ ಮಾತು ಕೇಳಿದರು. ಎರಡು ವಾರದ ಬಳಿಕ ಸದನದಲ್ಲಿ ಕ್ಷಮೆ ಕೇಳಲು ಎದ್ದುನಿಂತಾಗ, ಈಗ ವೃದ್ಧೆಯರಾಗಿದ್ದ ಅವರಲ್ಲಿ ಹಲವರು ಮೇಲಿನ ಗ್ಯಾಲರಿಯಲ್ಲಿದ್ದರು. ಭಾಷಣದ ಕೊನೆಗೆ ಬಂದಂತೆ ಕೆನ್ನಿಯವರ ಗಂಟಲು ಕಟ್ಟಿ, ಕಾಗದ ಹಿಡಿದು ತಡೆದು ತಡೆದು ಓದುತ್ತಾರೆ. ಮುಗಿಸಿ ಕೂತಾಗ ಸದಸ್ಯರೆಲ್ಲ ಎದ್ದು ಗ್ಯಾಲರಿಯತ್ತ ತಿರುಗಿ ಚಪ್ಪಾಳೆ ತಟ್ಟುತ್ತಾರೆ, ಗ್ಯಾಲರಿಯಲ್ಲಿದ್ದವರೂ ತಟ್ಟುತ್ತಾರೆ. ಆ ದೃಶ್ಯದ ಮುದ್ರಿಕೆ ಈಗಲೂ ಸಿಗುತ್ತದೆ, ನೋಡುವಂಥದ್ದು. ಮಾತು ಬಾರದವರೆಂದು ಪಕ್ಷದವರೇ ದೂರಿದ್ದ ವ್ಯಕ್ತಿ ಅವರೇನೇ ಎಂದು ಅನುಮಾನವಾಗುತ್ತದೆ.

ಇನ್ನು ಸವಿತಾ ಅವರ ವಿಷಯ. 17 ವಾರಗಳ ಗರ್ಭಿಣಿಯಾಗಿದ್ದ ಅವರಿಗೆ ಗರ್ಭಸ್ರಾವವಾಗುತ್ತಿತ್ತು. ಮಗು ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ಗರ್ಭವನ್ನು ತೆಗೆಯಿರೆಂದು ಕೇಳಿದರೂ, ಭ್ರೂಣದ ಹೃದಯಬಡಿತ ಇರುವವರೆಗೆ ಕಾನೂನು ಒಪ್ಪದೆಂದು ಕಾಯಿಸಲಾಯಿತು. ಸೋಂಕು ರಕ್ತಕ್ಕೆ ಹರಡಿ 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ವಯಸ್ಸು 31. ನವೆಂಬರ್ ನಡುವಿನಲ್ಲಿ ಸುದ್ದಿ ಹೊರಬಂದಾಗ ಡಬ್ಲಿನ್ನಿನಲ್ಲಿ ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು. ಇಲ್ಲಿ ನಮ್ಮ ಪತ್ರಿಕೆಗಳ ಮುಖಪುಟದಲ್ಲೂ ಅದೇ ಸುದ್ದಿ. ಕೆನ್ನಿಯವರ ಮೊದಲ ಪ್ರತಿಕ್ರಿಯೆ ಬಹಳ ಎಚ್ಚರಿಕೆಯದು: ವರದಿ ಬರಲಿ, ನೋಡೋಣ. ತನಿಖಾ ತಂಡದಲ್ಲಿ ಅದೇ ಆಸ್ಪತ್ರೆಯ ಮೂವರು ವೈದ್ಯರನ್ನು ಸೇರಿಸಲಾಗಿತ್ತು. ಸವಿತಾ ಅವರ ಪತಿ ಆಕ್ಷೇಪಿಸಿದ ಮೇಲೆ ಅವರನ್ನು ಕೈಬಿಡುವುದಾಗಿ ಕೆನ್ನಿ ಸದನದಲ್ಲಿ ಪ್ರಕಟಿಸಿದರು. ಪತಿ ಕೇಳಿದ್ದ ಸಾರ್ವಜನಿಕ ವಿಚಾರಣೆಗೆ ಅವರು ಒಪ್ಪಲೇ ಇಲ್ಲ. ಆ ದಿನಗಳ ಅವರ ನಡವಳಿಕೆಯನ್ನು ನಾನು ಸಮರ್ಥಿಸಲಾರೆ.

ಆದರೆ ಮುಂದಿನದನ್ನೂ ಹೇಳಬೇಕು. ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತಕ್ಕೆ ಸಂವಿಧಾನದಲ್ಲಿ ಅವಕಾಶವಿದೆಯೆಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಆ ತೀರ್ಪಿಗೆ ತಕ್ಕ ಕಾನೂನು ಮಾಡಲು ಇಪ್ಪತ್ತು ವರ್ಷ ಯಾವ ಸರ್ಕಾರವೂ ಮುಂದಾಗಿರಲಿಲ್ಲ. ಮುಟ್ಟಿದವರ ಕೈ ಸುಡುವ ವಿಷಯ ಅದು. 2013ರಲ್ಲಿ ಕೆನ್ನಿ ಮುಟ್ಟಿದರು. ರಕ್ತದಲ್ಲಿ ಬರೆದ ಪತ್ರಗಳು, ಪ್ಲಾಸ್ಟಿಕ್ಕಿನ ಭ್ರೂಣಗಳು ತಮ್ಮ ಕಚೇರಿಗೆ ಬರುತ್ತಿವೆಯೆಂದು ಅವರೇ ಸದನಕ್ಕೆ ತಿಳಿಸಿ, ತಾನು ಕ್ಯಾಥೊಲಿಕನೇ ಹೌದು, ಆದರೆ ಕ್ಯಾಥೊಲಿಕರ ಪ್ರಧಾನಿಯಲ್ಲ, ಎಲ್ಲರ ಪ್ರಧಾನಿ ಎಂಬರ್ಥದ ಮಾತನ್ನಾಡಿದರು. ಪಕ್ಷದೊಳಗೆ ಆತ್ಮಸಾಕ್ಷಿಯಂತೆ ಮತ ಹಾಕಲು ಬಿಡಿ ಎಂಬ ಒತ್ತಾಯ ಬಂದಾಗ ಖಡಾಖಂಡಿತವಾಗಿ ಒಪ್ಪದೆ ವಿಪ್ ಜಾರಿ ಮಾಡಿದರು. ಜುಲೈ 12ರ ನಸುಕಿನಲ್ಲಿ, ಡಬ್ಲಿನ್ನಿನಲ್ಲಿ ನಡುರಾತ್ರಿ ದಾಟಿ ಬೆಂಗಳೂರಿನಲ್ಲಿ ಹಾಲಿನ ವ್ಯಾನುಗಳು ಓಡಾಡುವ ಹೊತ್ತಿಗೆ, ಮಸೂದೆಗೆ 127–31 ಮತಗಳಿಂದ ಕೆಳಮನೆಯ ಒಪ್ಪಿಗೆ ಸಿಕ್ಕಿತು. ಅದೊಂದು ಬಹಳ ಸಂಕುಚಿತವಾದ ಕಾನೂನು. ಕಾನೂನುಬಾಹಿರ ಗರ್ಭಪಾತಕ್ಕೆ 14 ವರ್ಷದವರೆಗಿನ ಸಜೆ ಅದರಲ್ಲೇ ಇತ್ತು.

ವಿಪ್ ಮೀರಿದ ಐವರು ಫಿನ ಗೇಲ್ ಸದಸ್ಯರನ್ನು ಸಂಸದೀಯ ಪಕ್ಷದಿಂದ ಹೊರಹಾಕಲಾಯಿತು. ಅವರಲ್ಲಿ ರಾಜ್ಯ ಸಚಿವೆ ಲುಸಿಂಡಾ ಕ್ರೈಟನ್ ಒಬ್ಬರು. ಅವರ ಸಚಿವ ಸ್ಥಾನವೂ ಹೋಯಿತು. ನಮ್ಮ ಸಂವಿಧಾನದ ಹತ್ತನೇ ಅನುಸೂಚಿಯನ್ನು ಅರೆದು ಕುಡಿದಿರುವ ಕರ್ನಾಟಕದ ಓದುಗರು ಗಮನಿಸಬೇಕಾದದ್ದು ಇದನ್ನೇ: ಅಲ್ಲಿ ವಿಪ್ ಮೀರಿದವರು ಪಕ್ಷದ ಆಸರೆಯನ್ನು ಕಳೆದುಕೊಳ್ಳುತ್ತಾರೆಯೇ ಹೊರತು ಸದಸ್ಯತ್ವವನ್ನಲ್ಲ. 2019ರಲ್ಲಿ ನಮ್ಮ 17 ಶಾಸಕರು ಅನರ್ಹಗೊಂಡು, ಸ್ಪೀಕರ್ ಕಚೇರಿಯಿಂದ ಸುಪ್ರೀಂ ಕೋರ್ಟಿನವರೆಗೆ ಅಲೆದದ್ದು ನೆನಪಿರಬಹುದು. ಕ್ರೈಟನ್ ಅವರಾದರೋ ತಮ್ಮ ಮನಸ್ಸಿಗೆ ಬಂದಂತೆ ಮತ ಹಾಕಿ, ಆಮೇಲೂ ಅದೇ ಸದನದಲ್ಲಿ ಬೇರೆ ಬೆಂಚಿನಲ್ಲಿ ಕೂತರು, ಮುಂದೆ ಬೇರೆ ಪಕ್ಷ ಕಟ್ಟಿದರು. ಮಸೂದೆಯ ಮಟ್ಟಿಗೆ ನಾನು ಅವರ ವಿರುದ್ಧದ ಪಕ್ಷ. ಆದರೂ ಅವರು ಸದನದಲ್ಲಿ ಉಳಿದದ್ದು ಸರಿಯೆಂದೇ ತೋರುತ್ತದೆ.

ಇಷ್ಟು ಚೆನ್ನಾಗಿ ಸದನದ ಲೆಕ್ಕ ಬಲ್ಲವರು ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಡವಿದ್ದು ಮೇಲ್ಮನೆಯ ವಿಷಯದಲ್ಲಿ. ಅವರ ಮೇಲ್ಮನೆ 60 ಸದಸ್ಯರದು. ಅದರಲ್ಲಿ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಆರಿಸಿದವರೇ ಬಹುಪಾಲು, ಪದವೀಧರರು ಆರಿಸಿದವರು 6 ಮಂದಿ, ಪ್ರಧಾನಿ ನಾಮಕರಣ ಮಾಡಿದವರು 11 ಮಂದಿ. 75 ಸದಸ್ಯರ ನಮ್ಮ ವಿಧಾನ ಪರಿಷತ್ತಿಗೂ ಸ್ಥಳೀಯ ಸಂಸ್ಥೆಗಳ ಕ್ಷೇತ್ರವಿದೆ, ಪದವೀಧರ ಕ್ಷೇತ್ರವಿದೆ, ನಾಮಕರಣಗೊಂಡವರೂ ಸರಿಯಾಗಿ 11 ಮಂದಿಯೇ. ಎರಡರ ಮೇಲಿನ ದೂರೂ ಒಂದೇ: ಸೋತವರಿಗೆ ಪುನರ್ವಸತಿ, ಹಿಂಬಾಲಕರಿಗೆ ಬಹುಮಾನ. ಆ ಮನೆಯನ್ನೇ ರದ್ದುಪಡಿಸೋಣವೆಂದು ಕೆನ್ನಿ ಜನಮತಗಣನೆಗೆ ಇಟ್ಟರು. ವೆಚ್ಚ ಉಳಿಯುತ್ತದೆ, ರಾಜಕಾರಣಿಗಳ ಸಂಖ್ಯೆ ಇಳಿಯುತ್ತದೆ ಎಂಬುದು ಪ್ರಚಾರದ ತಿರುಳು. ಎದುರಾಳಿಗಳು ಟಿ.ವಿ. ಚರ್ಚೆಗೆ ಕರೆದರೆ ಹೋಗಲಿಲ್ಲ. ಮತ ಹಾಕಿದ್ದು ಶೇ 40ಕ್ಕಿಂತ ಕಡಿಮೆ ಜನ, ಅವರಲ್ಲಿ ಶೇ 51.7 ಜನ ಬೇಡವೆಂದರು. ರಾಜಕಾರಣಿಗಳ ಮೇಲಿನ ಸಿಟ್ಟಿನಿಂದ ಜನ ಒಂದು ಮನೆಯನ್ನೇ ಕಿತ್ತುಹಾಕುತ್ತಾರೆಂದು ಕೆನ್ನಿ ಎಣಿಸಿದ್ದರು. ಅಧಿಕಾರವೆಲ್ಲ ಒಂದೇ ಮನೆಗೆ, ಅದರಲ್ಲೂ ಅಷ್ಟು ದೊಡ್ಡ ಬಹುಮತವಿರುವ ಪ್ರಧಾನಿಯ ಕೈಗೆ ಹೋಗುವುದನ್ನು ಜನ ನೋಡಿದ್ದು ಬೇರೆ ರೀತಿ. ಒಮ್ಮೊಮ್ಮೆ ಏಟು ಬೀಳುತ್ತದೆಂದು ಕೆನ್ನಿಯವರೇ ಒಪ್ಪಿಕೊಂಡರು.

ಇದಕ್ಕೆ ವ್ಯತಿರಿಕ್ತವಾಗಿ 2015ರ ಮೇ 22ರ ಜನಮತಗಣನೆಯಲ್ಲಿ ಸಲಿಂಗಿಗಳ ವಿವಾಹಕ್ಕೆ ಶೇ 62 ಜನ ಹೌದೆಂದರು. ಅಲ್ಲಿ ಸಂವಿಧಾನದ ಒಂದಕ್ಷರ ಬದಲಿಸಬೇಕಾದರೂ ಜನರ ಬಳಿಗೇ ಹೋಗಬೇಕು. ಹೋಗುವ ಮೊದಲು ವಿಷಯವನ್ನು 66 ಸಾಮಾನ್ಯ ನಾಗರಿಕರು, 33 ರಾಜಕಾರಣಿಗಳು ಮತ್ತು ಒಬ್ಬ ಅಧ್ಯಕ್ಷರಿದ್ದ ಸಂವಿಧಾನ ಸಮಾವೇಶದಲ್ಲಿ ಚರ್ಚಿಸಲಾಗಿತ್ತು. 2016ರಲ್ಲಿ ಗರ್ಭಪಾತದ ಸಾಂವಿಧಾನಿಕ ನಿಷೇಧದ ಪ್ರಶ್ನೆಯನ್ನೂ ಕೆನ್ನಿ ಇಂಥದ್ದೇ ನಾಗರಿಕರ ಸಭೆಗೆ ವಹಿಸಿದರು. ಕಾಲಹರಣದ ಉಪಾಯವೆಂದು ಬಹಳ ಜನ ಹೀಗಳೆದರು, ಸ್ವಲ್ಪ ಮಟ್ಟಿಗೆ ಅದು ಹೌದೂ ಇರಬಹುದು. ಆದರೆ ಆ ಸಭೆ ಯಾರೂ ನಿರೀಕ್ಷಿಸದಷ್ಟು ಉದಾರವಾದ ಶಿಫಾರಸು ಮಾಡಿತು. 2018ರ ಮೇ 25ರಂದು ಶೇ 66.4 ಮತಗಳಿಂದ ನಿಷೇಧ ಬಿದ್ದುಹೋಯಿತು. ಆಗ ಕೆನ್ನಿ ಪ್ರಧಾನಿಯಾಗಿರಲಿಲ್ಲ.

ಅವರನ್ನು ಕೆಳಗಿಳಿಸಿದ್ದರಲ್ಲಿ ನೀರಿನ ಪಾಲು ದೊಡ್ಡದು. ಟ್ಯಾಂಕರ್ ನೀರಿಗೆ ಕೇಳಿದಷ್ಟು ದುಡ್ಡು ಕೊಟ್ಟು ರೂಢಿಯಾದ ಬೆಂಗಳೂರಿನವರಿಗೆ ವಿಚಿತ್ರವೆನಿಸಬಹುದು, ಆದರೆ ಐರ್ಲೆಂಡಿನ ಮನೆಗಳಿಗೆ ನೀರಿನ ಬಿಲ್ ಎಂಬುದೇ ಇರಲಿಲ್ಲ. ವೆಚ್ಚ ಸಾಮಾನ್ಯ ತೆರಿಗೆಯಿಂದ ಹೋಗುತ್ತಿತ್ತು. ಹೊಸ ನಿಗಮ ಸ್ಥಾಪಿಸಿ ಮೀಟರ್ ಹಾಕತೊಡಗಿದಾಗ, ಬ್ಯಾಂಕುಗಳ ಸಾಲ ಹೊತ್ತು ಬಳಲಿದ್ದ ಜನ 2014ರಲ್ಲಿ ಬೀದಿಗೆ ಬಂದರು. ಇದರ ಜೊತೆಗೆ ಬಾಯಿ ಜಾರಿದ ಪ್ರಸಂಗಗಳೂ ಇದ್ದವು. 2011ರ ಡಿಸೆಂಬರ್‌ನಲ್ಲಿ ಟಿ.ವಿ. ಭಾಷಣದಲ್ಲಿ ಈ ಸಂಕಟಕ್ಕೆ ನೀವು ಹೊಣೆಯಲ್ಲವೆಂದು ಜನರಿಗೆ ಹೇಳಿ, ಮುಂದಿನ ತಿಂಗಳೇ ದಾವೋಸಿನ ವಿಶ್ವ ಆರ್ಥಿಕ ವೇದಿಕೆಯಲ್ಲಿ ನಮ್ಮ ಜನ ಹುಚ್ಚುಹಿಡಿದಂತೆ ಸಾಲ ಮಾಡಿದರೆಂದು ಹೇಳಿದರು. 2016ರ ಚುನಾವಣಾ ಪ್ರಚಾರದಲ್ಲಿ ಸ್ವಂತ ಊರಿನ ಕೆಲವರನ್ನು ಗೊಣಗುವುದರಲ್ಲಿ ಅಖಿಲ ಐರ್ಲೆಂಡ್ ಚಾಂಪಿಯನ್ನರೆಂದು ಕರೆದರು. ಮೇಯೊ ತಂಡ ಕಡೆಯ ಬಾರಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದದ್ದು ಕೆನ್ನಿ ಹುಟ್ಟಿದ 1951ರಲ್ಲಿ. ಆ ಊರಿನಲ್ಲಿ ಆ ಮಾತು ಎಲ್ಲಿ ಚುಚ್ಚಿರಬಹುದೆಂದು ಊಹಿಸಬಹುದು. ಚೇತರಿಕೆಯನ್ನು ಮುಂದುವರಿಸೋಣ ಎಂಬ ಘೋಷಣೆ ಹಿಡಿದು ಹೊರಟವರಿಗೆ, ಚೇತರಿಕೆ ಡಬ್ಲಿನ್ ದಾಟಿ ತಮ್ಮ ಊರಿಗೆ ಬಂದೇ ಇಲ್ಲವೆಂದು ಹಳ್ಳಿಗಾಡಿನ ಮತದಾರರು ತಿರುಗೇಟು ಕೊಟ್ಟರು. ಪಕ್ಷ 50ಕ್ಕೆ ಇಳಿಯಿತು, ಲೇಬರ್ 7ಕ್ಕೆ.

ಮತ್ತೆ ತಲೆ ಎಣಿಕೆ ಶುರುವಾಯಿತು. 158ರ ಸದನದಲ್ಲಿ ಯಾರಿಗೂ ಬಹುಮತವಿಲ್ಲ. 70 ದಿನ ಮಾತುಕತೆ ನಡೆಯಿತು. ಯಾರನ್ನೂ ರೆಸಾರ್ಟಿಗೆ ಸಾಗಿಸಲಿಲ್ಲ. 1922–23ರ ಅಂತರ್ಯುದ್ಧದ ಎರಡು ಕಡೆಗಳಿಂದ ಹುಟ್ಟಿ, ಅಲ್ಲಿಯವರೆಗೆ ಒಮ್ಮೆಯೂ ಜೊತೆಯಾಗಿ ಸರ್ಕಾರ ನಡೆಸದ ಫೀಯನ ಫಾಯ್ಲ್ ಪಕ್ಷಕ್ಕೆ ಕೆನ್ನಿ ಏಪ್ರಿಲ್‌ನಲ್ಲಿ ಪೂರ್ಣ ಪಾಲುದಾರಿಕೆಯ ಸರ್ಕಾರದ ಪ್ರಸ್ತಾವವಿಟ್ಟರು. ಆ ಪಕ್ಷದ ನಾಯಕ ಮೀಹಾಲ್ ಮಾರ್ಟಿನ್ ಒಪ್ಪಲಿಲ್ಲ. ಹೊರಗಿದ್ದು, ಪ್ರಮುಖ ಮತದಾನಗಳಲ್ಲಿ ತಟಸ್ಥವಾಗಿರುವ ಲಿಖಿತ ಒಪ್ಪಂದಕ್ಕೆ ಮಾತ್ರ ಬಂದರು. ಮೇ 6ರಂದು 59–49 ಮತಗಳಿಂದ ಕೆನ್ನಿ ಎರಡನೆಯ ಬಾರಿ ಪ್ರಧಾನಿಯಾದರು. ಫಿನ ಗೇಲ್ ನಾಯಕನೊಬ್ಬ ಪ್ರಧಾನಿಯಾಗಿದ್ದು ಸತತವಾಗಿ ಮರು ಆಯ್ಕೆಯಾದದ್ದು ಅದೇ ಮೊದಲು.

ಉಳಿದ ವರ್ಷವನ್ನು ಬ್ರೆಕ್ಸಿಟ್ ನುಂಗಿತು. 2017ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಭಾಗವಾಗಿರುವ ಉತ್ತರ ಐರ್ಲೆಂಡ್ ಮುಂದೊಮ್ಮೆ ಸಮ್ಮತಿಯಿಂದ ಸೇರಿಕೊಂಡರೆ ಇಡೀ ದ್ವೀಪ ಯುರೋಪಿನ ಒಕ್ಕೂಟದಲ್ಲಿರುತ್ತದೆಂಬ ಹೇಳಿಕೆಯನ್ನು ಒಕ್ಕೂಟದ ಉಳಿದ ದೇಶಗಳ ನಾಯಕರಿಂದ ಪಡೆದರು. ಸದ್ದಿಲ್ಲದ ಈ ಕೆಲಸ ಅವರ ಕಸುಬುಗಾರಿಕೆಗೆ ತಕ್ಕದ್ದು. ಆದರೆ ಅದಕ್ಕೂ ಮೊದಲೇ, ಫೆಬ್ರುವರಿಯಲ್ಲಿ, ಪೊಲೀಸ್ ಇಲಾಖೆಯ ಅಕ್ರಮಗಳನ್ನು ಬಯಲಿಗೆಳೆದ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ತಮ್ಮ ಸಂಪುಟದ ಸಚಿವೆಯೊಬ್ಬರ ಜೊತೆ ನಡೆಯದ ಸಂಭಾಷಣೆಯನ್ನು ನಡೆದಿದೆಯೆಂದು ಹೇಳಿ ಸಿಕ್ಕಿಬಿದ್ದು ಸದನದಲ್ಲಿ ತಪ್ಪೊಪ್ಪಿಕೊಂಡಿದ್ದರು. ಪಕ್ಷದ ತಲೆಗಳು ಈ ಬಾರಿ ವರಾಡ್ಕರ್ ಮತ್ತು ಕೋವ್ನಿಯವರ ಹಿಂದೆ ಸಾಲುಗಟ್ಟುತ್ತಿರುವುದು ಅವರಿಗೆ ಇತರರಿಗಿಂತ ಮೊದಲೇ ಗೊತ್ತಾಗಿರಬೇಕು. ಮೇ ತಿಂಗಳಲ್ಲಿ ನಾಯಕತ್ವ ಬಿಟ್ಟರು, ಜೂನ್‌ನಲ್ಲಿ ಪ್ರಧಾನಿ ಹುದ್ದೆಯನ್ನೂ. 2010ರಲ್ಲಿ ತಮ್ಮ ವಿರುದ್ಧ ನಿಂತಿದ್ದ ವರಾಡ್ಕರ್ ಅವರ ಹೆಸರನ್ನು ಸದನದಲ್ಲಿ ಪ್ರಧಾನಿ ಸ್ಥಾನಕ್ಕೆ ಸೂಚಿಸಿದವರು ಕೆನ್ನಿಯವರೇ.

ಮೇಷ್ಟರು ಮತ್ತೆ ಹಿಂಬೆಂಚಿಗೆ ಹೋಗಿ ಕೂತರು. 2020ರ ಚುನಾವಣೆಗೆ ನಿಲ್ಲಲಿಲ್ಲ. 1954ರಿಂದ ತಂದೆ ಮಗ ಸೇರಿ ಮೇಯೊದಲ್ಲಿ ಹಿಡಿದಿದ್ದ ಸ್ಥಾನವನ್ನು ಪಕ್ಷ ಉಳಿಸಿಕೊಂಡಿತು, ಆದರೆ ಆ ಮನೆತನದ ಮೂರನೆಯ ತಲೆಮಾರನ್ನು ನಿಲ್ಲಿಸಿ ಅಲ್ಲ. ಆ ಚುನಾವಣೆಯಲ್ಲೂ ಯಾರಿಗೂ ಬಹುಮತ ಬರಲಿಲ್ಲ. ನಾಲ್ಕೂವರೆ ತಿಂಗಳ ಮಾತುಕತೆಯ ನಂತರ, 2016ರಲ್ಲಿ ಕೆನ್ನಿ ಮುಂದಿಟ್ಟು ಮಾರ್ಟಿನ್ ನಿರಾಕರಿಸಿದ್ದ ಪಾಲುದಾರಿಕೆಗೆ ಎರಡೂ ಪಕ್ಷಗಳು, ಹಸಿರು ಪಕ್ಷವನ್ನೂ ಸೇರಿಸಿಕೊಂಡು, ಒಪ್ಪಿದವು. ಜೂನ್ 27ರಂದು, ಕೋವಿಡ್ ಕಾರಣದಿಂದ ಡಬ್ಲಿನ್ನಿನ ಸಮ್ಮೇಳನ ಭವನದಲ್ಲಿ ಸೇರಿದ ಸದನ 93–63 ಮತಗಳಿಂದ ಪ್ರಧಾನಿಯನ್ನಾಗಿ ಆರಿಸಿದ್ದು ಅದೇ ಮೀಹಾಲ್ ಮಾರ್ಟಿನ್ ಅವರನ್ನು.